ಇಪ್ಪತ್ತು ಡಾಲರ್ ನೋಟಿನ ಮೇಲಿರುವ ಜನರಲ್

ಓದುಗರ ಪ್ರಶ್ನೆ: ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಮೆರಿಕದಲ್ಲಿದ್ದೆ. 20 ಡಾಲರ್ ನೋಟಿನ ಮೇಲೆ ಕೂದಲು ಮೇಲಕ್ಕೆ ಬಾಚಿದ ಒಬ್ಬ ಮನುಷ್ಯನ ಚಿತ್ರವಿದೆ. ಯಾರಪ್ಪಾ ಇವರು ಅಂತ ಕೇಳಿದೆ. ದೊಡ್ಡ ಮೊಮ್ಮಗ, "ಆಂಡ್ರ್ಯೂ ಜಾಕ್ಸನ್ ಅಜ್ಜಿ, ಮೂಲನಿವಾಸಿಗಳನ್ನು ಊರು ಬಿಡಿಸಿದವನು" ಅಂದ. ಅಳಿಯಂದಿರು, "ಬಡವರ ಪರ ನಿಂತ ಮೊದಲ ಅಧ್ಯಕ್ಷ ಅವನೇ" ಅಂದರು. ಇಬ್ಬರಲ್ಲಿ ಯಾರ ಮಾತು ಸರಿ? ಸುಪ್ರೀಂ ಕೋರ್ಟಿನ ತೀರ್ಪಿಗೇ ಸೊಪ್ಪು ಹಾಕಲಿಲ್ಲ ಅಂತಾರಲ್ಲ, ಅದು ನಿಜವೇ? ಹಾಗಿದ್ದರೆ ನೋಟಿನ ಮೇಲೆ ಯಾಕೆ ಹಾಕಿದರು?

ಉತ್ತರ: ಮೊಮ್ಮಗನ ಮಾತೂ ನಿಜ, ಅಳಿಯಂದಿರ ಮಾತೂ ನಿಜ. ಇಬ್ಬರಿಗೂ ಬೇಜಾರಾಗಬಾರದು ಅಂತ ಹೀಗೆ ಹೇಳುತ್ತಿಲ್ಲ. ಜಾಕ್ಸನ್ ಬಗ್ಗೆ ಓದುತ್ತಾ ಹೋದ ಹಾಗೆಲ್ಲ ನನಗೆ ಒಂದು ವಿಷಯ ಜಾಸ್ತಿ ಸ್ಪಷ್ಟವಾಗುತ್ತಾ ಬಂತು. ಆತ ಬಾಯಿ ತೆರೆದರೆ "ಜನ, ಜನ" ಅನ್ನುತ್ತಿದ್ದ. ಮನಸ್ಸಿನಿಂದಲೇ ಅನ್ನುತ್ತಿದ್ದ. ಆದರೆ ಆ "ಜನ"ದ ಲೆಕ್ಕದಲ್ಲಿ ಯಾರಿದ್ದರು, ಯಾರು ಇರಲಿಲ್ಲ? ಇದನ್ನು ನೆನಪಿಟ್ಟುಕೊಂಡು ಆತನ ಬದುಕನ್ನು ನೋಡಿದರೆ ನಿಮ್ಮ ಮೂರು ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಆತ ಹುಟ್ಟಿದ್ದು 1767ರ ಮಾರ್ಚ್ 15ರಂದು. ಉತ್ತರ ಮತ್ತು ದಕ್ಷಿಣ ಕೆರೊಲಿನಾಗಳ ಗಡಿಯಲ್ಲಿ ವ್ಯಾಕ್ಸ್‌ಹಾಸ್ ಅನ್ನುವ ಕಾಡುನಾಡಿನಲ್ಲಿ. ಅಪ್ಪ ಅಮ್ಮ ಐರ್ಲೆಂಡಿನಿಂದ ಬಂದ ಬಡವರು. ಮಗು ಹುಟ್ಟುವ ಮೂರು ವಾರ ಮೊದಲೇ ಅಪ್ಪ ತೀರಿಕೊಂಡಿದ್ದ. ಅಮ್ಮ ಎಲಿಜಬೆತ್ ಮೂರು ಗಂಡುಮಕ್ಕಳನ್ನು ಕಟ್ಟಿಕೊಂಡು ನೆಂಟರ ಮನೆ ಸೇರಿದಳು.

ಆಮೇಲೆ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಬಂತು. ದೊಡ್ಡಣ್ಣ ಹ್ಯೂ 1779ರಲ್ಲಿ ಒಂದು ಕಾಳಗದ ನಂತರ ಬಿಸಿಲ ಬೇಗೆಗೆ ಸತ್ತ. 1781ರಲ್ಲಿ ಆಂಡ್ರ್ಯೂ ಮತ್ತು ನಡುವಣ್ಣ ರಾಬರ್ಟ್ ಬ್ರಿಟಿಷರ ಕೈಗೆ ಸಿಕ್ಕಿಬಿದ್ದರು. ಒಬ್ಬ ಬ್ರಿಟಿಷ್ ಅಧಿಕಾರಿ ತನ್ನ ಕೆಸರು ಬೂಟು ಒರೆಸು ಅಂದ. ಹದಿನಾಲ್ಕರ ಹುಡುಗ, ನಾನು ಯುದ್ಧಕೈದಿ, ಕೈದಿಗೆ ತಕ್ಕ ಮರ್ಯಾದೆ ಕೊಡಿ ಅಂದ. ಆ ಅಧಿಕಾರಿ ಕತ್ತಿ ಬೀಸಿದ. ಹುಡುಗ ಕೈ ಅಡ್ಡ ಹಿಡಿದ. ಬೆರಳಿಗೂ ತಲೆಗೂ ಆದ ಗಾಯದ ಕಲೆ ಸಾಯುವ ತನಕ ಉಳಿಯಿತು. ಸೆರೆಮನೆಯಲ್ಲಿ ಇಬ್ಬರಿಗೂ ಸಿಡುಬು ಎದ್ದಿತು. ಅಮ್ಮ ಹೋಗಿ ಕಾಡಿಬೇಡಿ ಬಿಡಿಸಿಕೊಂಡು ಬಂದಳು. ಮನೆ ಸೇರಿದ ಎರಡೇ ದಿನಕ್ಕೆ ರಾಬರ್ಟ್ ಸತ್ತ. ಆಂಡ್ರ್ಯೂ ಬದುಕಿದ. ಅವನು ಸ್ವಲ್ಪ ಚೇತರಿಸಿಕೊಂಡ ಮೇಲೆ ಅಮ್ಮ ಚಾರ್ಲ್ಸ್‌ಟನ್‌ಗೆ ಹೋದಳು. ಅಲ್ಲಿ ಸೆರೆಹಡಗುಗಳಲ್ಲಿದ್ದ ನೆಂಟರ ಹುಡುಗರಿಗೆ ಆರೈಕೆ ಮಾಡುತ್ತಲೇ ರೋಗ ತಗುಲಿ ತೀರಿಕೊಂಡಳು. ಒಂದು ವರ್ಷದೊಳಗೆ ಹುಡುಗ ಪೂರ್ತಿ ತಬ್ಬಲಿಯಾದ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಯಾರಿಗೂ ತಲೆಬಾಗುವುದಿಲ್ಲ ಅನ್ನುವ ಹಟ, ಎದುರು ನಿಂತವರನ್ನೆಲ್ಲ ಸ್ವಂತ ಶತ್ರು ಅಂತ ಹಿಡಿಯುವ ಸ್ವಭಾವ, ತನ್ನವರು ಅನ್ನಿಸಿದವರಿಗೆ ಜೀವ ಕೊಡುವ ಗುಣ, ಮೂರೂ ಆ ವರ್ಷದಲ್ಲೇ ಬೇರುಬಿಟ್ಟವು ಅಂತ ನನ್ನ ನಂಬಿಕೆ. ಮುಂದೆ ದೇಶದ ಬ್ಯಾಂಕಿನ ಜೊತೆ ಜಗಳವಾಡುವಾಗಲೂ ಆತ ಆ ಬೂಟು ಒರೆಸದ ಹುಡುಗನ ಹಾಗೆಯೇ ಆಡಿದ.

ಓದು ಅಷ್ಟಕ್ಕಷ್ಟೆ ಇದ್ದರೂ ವಕೀಲಿಕೆ ಕಲಿತ. 1788ರಲ್ಲಿ ಟೆನೆಸಿಯ ನ್ಯಾಶ್‌ವಿಲ್‌ಗೆ ಸರ್ಕಾರಿ ವಕೀಲನಾಗಿ ಬಂದ. ಆಗ ಅದು ಕಾಡಿನ ನಡುವಿನ ಪುಟ್ಟ ಊರು. ಬೇಗ ಬೇಗ ಮೇಲೇರಿದ. ಟೆನೆಸಿ 1796ರಲ್ಲಿ ರಾಜ್ಯವಾದಾಗ ಅಲ್ಲಿಂದ ಕಾಂಗ್ರೆಸ್ಸಿಗೆ, ಅಂದರೆ ದೇಶದ ಸಂಸತ್ತಿಗೆ, ಹೋದ ಮೊದಲ ಪ್ರತಿನಿಧಿ, ಆಮೇಲೆ ಸೆನೆಟರ್, ಆಮೇಲೆ ನ್ಯಾಯಾಧೀಶ. 1802ರಲ್ಲಿ ಟೆನೆಸಿ ಮಿಲಿಷಿಯಾದ ಮೇಜರ್ ಜನರಲ್. ಮಿಲಿಷಿಯಾ ಅಂದರೆ ಕರೆ ಬಂದಾಗ ಊರಿನ ಗಂಡಸರೇ ಬಂದೂಕು ಹಿಡಿದು ಸೇರುವ ಪಡೆ. ಸೈನ್ಯದ ಶಾಲೆಯ ಮೆಟ್ಟಿಲನ್ನೇ ಹತ್ತದೆ ಜನರಲ್ ಆದ ಮನುಷ್ಯ.

ನ್ಯಾಶ್‌ವಿಲ್‌ನಲ್ಲೇ ರೇಚಲ್ ಸಿಕ್ಕಿದಳು. ಅವಳಿಗೆ ಆಗಲೇ ಮದುವೆಯಾಗಿತ್ತು, ಸಂಶಯದ ಗಂಡನಿಂದ ದೂರ ಬಂದಿದ್ದಳು. ವಿಚ್ಛೇದನ ಆಗಿದೆ ಅಂತ ನಂಬಿ 1791ರಲ್ಲಿ ಇಬ್ಬರೂ ಮದುವೆಯಾದರು. ವಿಚ್ಛೇದನ ನಿಜಕ್ಕೂ ಸಿಕ್ಕಿದ್ದು 1793ರಲ್ಲಿ. ಗೊತ್ತಾದ ಮೇಲೆ 1794ರಲ್ಲಿ ಮತ್ತೊಮ್ಮೆ ಮದುವೆ ಮಾಡಿಕೊಂಡರು. ಈ ಮಾತನ್ನು ಎತ್ತಿ ಆಡಿದವರ ಮೇಲೆ ಜಾಕ್ಸನ್‌ಗೆ ಎಂದೂ ಕ್ಷಮೆ ಇರಲಿಲ್ಲ.

1806ರ ಮೇ 30ರಂದು ನಡೆದದ್ದನ್ನು ನೋಡಿ. ಚಾರ್ಲ್ಸ್ ಡಿಕಿನ್ಸನ್ ಅನ್ನುವವನ ಜೊತೆ ಕುದುರೆ ಪಂದ್ಯದ ಹಣದ ತಕರಾರು, ಅದರ ಮೇಲೆ ರೇಚಲ್ ಬಗ್ಗೆ ಕೆಟ್ಟ ಮಾತು. ಕೆಂಟಕಿಯಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ಬರೀ 24 ಅಡಿ ದೂರದಲ್ಲಿ ಎದುರಾ ಎದುರು ನಿಂತರು. ಡಿಕಿನ್ಸನ್ ಗುರಿ ತಪ್ಪದವನು ಅಂತ ಹೆಸರಾದವನು. ಜಾಕ್ಸನ್ ಬೇಕೆಂದೇ ಅವನಿಗೆ ಮೊದಲು ಹೊಡೆಯಲು ಬಿಟ್ಟ. ಗುಂಡು ಎದೆಗೆ ಬಂತು, ಹೃದಯದ ಪಕ್ಕದಲ್ಲೇ ಕೂತಿತು. ಜಾಕ್ಸನ್ ದೊಗಲೆ ಕೋಟು ಹಾಕಿದ್ದ. ಬಿದ್ದಿಲ್ಲ. ಹಲ್ಲು ಕಚ್ಚಿ ನಿಂತು ಗುರಿಯಿಟ್ಟು ಪಿಸ್ತೂಲಿನ ಟ್ರಿಗರ್ ಎಳೆದ. ಪಿಸ್ತೂಲಿನ ಸುತ್ತಿಗೆ ಅರ್ಧಕ್ಕೇ ನಿಂತಿತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಅವನು ಮತ್ತೆ ಸುತ್ತಿಗೆ ಹಿಂದಕ್ಕೆ ಎಳೆದು ಹೊಡೆದ. ಡಿಕಿನ್ಸನ್ ಸತ್ತ. ಜಾಕ್ಸನ್ ಬೂಟಿನ ತುಂಬ ರಕ್ತ. ಆ ಗುಂಡನ್ನು ತೆಗೆಯಲು ಆಗಲೇ ಇಲ್ಲ, ಮುಂದಿನ 39 ವರ್ಷ ಎದೆಯೊಳಗೇ ಇತ್ತು.

ಇದೇ ಕಾಲದಲ್ಲಿ ನ್ಯಾಶ್‌ವಿಲ್ ಹತ್ತಿರ ಹರ್ಮಿಟೇಜ್ ಅನ್ನುವ ಜಮೀನು ಕೊಂಡ. ಹತ್ತಿ ಬೆಳೆದ. ಬೆಳೆದದ್ದು ಗುಲಾಮರ ಬೆವರಿನಿಂದ. ಶುರುವಿನಲ್ಲಿ ಒಂಬತ್ತು ಜನ ಇದ್ದರು, ಕೊನೆಗೆ ಸುಮಾರು 150. 1804ರಲ್ಲಿ ಒಬ್ಬ ಗುಲಾಮ ತಪ್ಪಿಸಿಕೊಂಡು ಹೋದಾಗ ಜಾಕ್ಸನ್ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದ. ಹಿಡಿದುಕೊಟ್ಟರೆ 50 ಡಾಲರ್ ಬಹುಮಾನ. ಹಿಡಿದವರು ಅವನಿಗೆ ಹೊಡೆಯುವ ಪ್ರತಿ ನೂರು ಚಾಟಿ ಏಟಿಗೆ ಹತ್ತು ಡಾಲರ್ ಜಾಸ್ತಿ, ಮುನ್ನೂರು ಏಟಿನ ತನಕ. ಈ ಸಾಲುಗಳನ್ನು ಓದಿದಾಗ ನನಗೆ ಹೊಟ್ಟೆ ತೊಳಸಿದ ಹಾಗಾಗಿತ್ತು. ಕತ್ತಿಯೇಟು ತಿಂದ ಹುಡುಗನೇ ದೊಡ್ಡವನಾಗಿ ಹೀಗೆ ಬರೆಸಿದ್ದು. ಆ ಕಾಲವೇ ಹಾಗಿತ್ತು ಅಂತ ಕೆಲವರು ಹೇಳುತ್ತಾರೆ. ಗುಲಾಮಗಿರಿ ಸಾಮಾನ್ಯವಾಗಿದ್ದು ಹೌದು. ಚಾಟಿಯೇಟಿಗೆ ದರ ಕಟ್ಟಿ ಅಚ್ಚು ಹಾಕಿಸುವುದು ಆ ಕಾಲದಲ್ಲೂ ಮಾಮೂಲಿ ಅಲ್ಲ.

ಈಗ ಯುದ್ಧಕ್ಕೆ ಬರೋಣ. 1812ರಲ್ಲಿ ಅಮೆರಿಕ ಮತ್ತೆ ಬ್ರಿಟನ್ ಮೇಲೆ ಯುದ್ಧ ಸಾರಿತು. ಜಾಕ್ಸನ್ ತನ್ನ ಪಡೆ ಕಟ್ಟಿಕೊಂಡು ಮಿಸಿಸಿಪ್ಪಿ ನದಿಯ ಮೇಲಿನ ನ್ಯಾಚೆಜ್ ತನಕ ಹೋದ. ಅಲ್ಲಿ ಸರ್ಕಾರದಿಂದ ಕಾಗದ ಬಂತು: ಪಡೆ ವಿಸರ್ಜಿಸಿ. ಸಂಬಳವಿಲ್ಲ, ರೇಷನ್ ಇಲ್ಲ, ಕಾಯಿಲೆ ಬಿದ್ದವರು 150 ಜನ. ಇವರನ್ನು ಇಲ್ಲೇ ಬಿಟ್ಟು ಹೋಗಲ್ಲ ಅಂದ. ತನ್ನ ಕುದುರೆಗಳನ್ನು ರೋಗಿಗಳಿಗೆ ಕೊಟ್ಟು ತಾನು ಕಾಲ್ನಡಿಗೆಯಲ್ಲೇ ನೂರಾರು ಮೈಲಿ ವಾಪಸ್ ನಡೆದ. ಹಿಕರಿ ಅನ್ನುವುದು ಆ ಕಡೆಯ ಗಟ್ಟಿ ಮರ, ಬಗ್ಗುವ ಜಾತಿಯಲ್ಲ. ಸಿಪಾಯಿಗಳು ಅವನನ್ನು "ಓಲ್ಡ್ ಹಿಕರಿ" ಅಂತ ಕರೆದರು. ಆ ಹೆಸರೇ ಕೊನೆತನಕ ಉಳಿಯಿತು. ಅಳಿಯಂದಿರು ಹೇಳುವ ಜಾಕ್ಸನ್ ಇವನೇ.

ಮರುವರ್ಷವೇ ಇವತ್ತಿನ ಅಲಬಾಮಾದಲ್ಲಿ ಕ್ರೀಕ್ ಅನ್ನುವ ಮೂಲನಿವಾಸಿ ಜನರ ಮೇಲೆ ಯುದ್ಧ. ಕ್ರೀಕರಲ್ಲೇ ಎರಡು ಬಣ ಇತ್ತು. ಬಿಳಿಯರ ದಾರಿ ಬೇಡ ಅನ್ನುವ ಬಣಕ್ಕೆ "ಕೆಂಪು ಕೋಲು" ಅಂತ ಹೆಸರು. ಅವರು 1813ರ ಆಗಸ್ಟ್‌ನಲ್ಲಿ ಫೋರ್ಟ್ ಮಿಮ್ಸ್ ಕೋಟೆಗೆ ನುಗ್ಗಿ ಹೆಂಗಸರು ಮಕ್ಕಳು ಅನ್ನದೆ ನೂರಾರು ಜನರನ್ನು ಕೊಂದಿದ್ದರು. ಅದಕ್ಕೆ ಸೇಡು. 1814ರ ಮಾರ್ಚ್ 27ರಂದು ಟ್ಯಾಲಪೂಸಾ ನದಿ ಕುದುರೆ ಲಾಳದ ಹಾಗೆ ತಿರುಗುವ ಜಾಗದಲ್ಲಿ ದೊಡ್ಡ ಕಾಳಗವಾಯಿತು. ಕೆಂಪು ಕೋಲಿನವರಲ್ಲಿ 800ಕ್ಕೂ ಹೆಚ್ಚು ಜನ ಸತ್ತರು. ಹೆಣ ಎಣಿಸುವುದಕ್ಕೆ ಸಿಪಾಯಿಗಳು ಮೂಗಿನ ತುದಿ ಕೊಯ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಅವತ್ತು ಜಾಕ್ಸನ್ ಗೆಲ್ಲಲು ಒಂದು ಮುಖ್ಯ ಕಾರಣ ಚೆರೋಕೀ ಅನ್ನುವ ಇನ್ನೊಂದು ಮೂಲನಿವಾಸಿ ಕುಲದ ಜನ. ಅವರು ಅವನ ಕಡೆ ನಿಂತು ಹೋರಾಡಿದರು. ಅವರ ಪೈಕಿ ಕೆಲವರು ನದಿ ಈಜಿ, ಶತ್ರುಗಳ ದೋಣಿಗಳನ್ನೇ ತಂದು, ಹಿಂದಿನಿಂದ ಮುತ್ತಿಗೆ ಹಾಕಿದರು. ಆ ಚೆರೋಕೀ ಪಡೆಯಲ್ಲಿ ಮೂವರಿದ್ದರು. ರಿಡ್ಜ್, ಜಾನ್ ರಾಸ್, ಮತ್ತೊಬ್ಬ ಸಿಕೋಯಾ. ಈ ಮೂರು ಹೆಸರು ನೆನಪಿರಲಿ, ಆಮೇಲೆ ಬೇಕಾಗುತ್ತವೆ.

ಯುದ್ಧ ಮುಗಿದ ಮೇಲೆ ಜಾಕ್ಸನ್ ಕ್ರೀಕರಿಂದ ಸುಮಾರು 2.3 ಕೋಟಿ ಎಕರೆ ನೆಲ ಬರೆಸಿಕೊಂಡ. ಸೋತವರಿಂದ ಮಾತ್ರ ಅಲ್ಲ. ತನ್ನ ಜೊತೆ ನಿಂತು ಹೋರಾಡಿದ ಕ್ರೀಕರ ನೆಲವೂ ಅದರಲ್ಲಿ ಸೇರಿತ್ತು.

ಅದೇ ಯುದ್ಧದಲ್ಲಿ ಇನ್ನೊಂದು ಘಟನೆ ಇದೆ. ಟ್ಯಾಲುಶ್ಯಾಚಿ ಅನ್ನುವ ಹಳ್ಳಿಯನ್ನು ಅವನ ಪಡೆ ಸುಟ್ಟುಹಾಕಿತು. ಸತ್ತ ತಾಯಿಯ ಪಕ್ಕದಲ್ಲಿ ಒಂದು ಗಂಡು ಕೂಸು ಸಿಕ್ಕಿತು. ಸೆರೆಸಿಕ್ಕ ಕ್ರೀಕ್ ಹೆಂಗಸರು, ಇದರ ಬಳಗವೆಲ್ಲ ಸತ್ತಿದೆ, ಇದನ್ನೂ ಕೊಂದುಬಿಡಿ ಅಂದರು. ಜಾಕ್ಸನ್ ತನ್ನ ಡೇರೆಯಲ್ಲಿ ಕಂದು ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ ಬದುಕಿಸಿದ. ತಾನೂ ತಬ್ಬಲಿ, ಇದೂ ತಬ್ಬಲಿ ಅಂತ ಅವನಿಗೆ ಅನ್ನಿಸಿತ್ತು. ಮಗುವನ್ನು ರೇಚಲ್ ಹತ್ತಿರ ಕಳಿಸಿದ. ಲಿಂಕೋಯಾ ಅಂತ ಹೆಸರು. ಹರ್ಮಿಟೇಜ್‌ನಲ್ಲೇ ಬೆಳೆದ, ಸೈನ್ಯದ ಅಕಾಡೆಮಿಗೆ ಕಳಿಸಬೇಕು ಅಂತ ಜಾಕ್ಸನ್‌ಗೆ ಆಸೆಯಿತ್ತು. ಹುಡುಗ ಜೀನು ಹೊಲಿಯುವವರ ಹತ್ತಿರ ಕೆಲಸ ಕಲಿಯುತ್ತಿದ್ದ, 1828ರಲ್ಲಿ ಕ್ಷಯಕ್ಕೆ ತುತ್ತಾಗಿ ಸತ್ತ. ಆ ಕೂಸಿನ ಮೇಲಿದ್ದ ಪ್ರೀತಿ ಸುಳ್ಳಲ್ಲ. ಅದರ ಹಳ್ಳಿ ಸುಟ್ಟಿದ್ದೂ ಅವನ ಆಜ್ಞೆಯೇ. ಮನೆಯೊಳಗೆ ಬಂದ ಒಂದು ಮಗು ಅವನ ಲೆಕ್ಕಕ್ಕೆ ಸೇರಿತು. ಹೊರಗಿದ್ದ ಅದರ ಕುಲ ಸೇರಲಿಲ್ಲ.

ಜಾಕ್ಸನ್ ದೇಶಕ್ಕೆಲ್ಲ ಹೆಸರಾದದ್ದು ನ್ಯೂ ಆರ್ಲಿಯನ್ಸ್‌ನಿಂದ. 1815ರ ಜನವರಿ 8ರ ಬೆಳಗ್ಗೆ ಮಂಜು ಕವಿದಿತ್ತು. ಬ್ರಿಟಿಷರು ಬಯಲಿನಲ್ಲಿ ನುಗ್ಗಿ ಬಂದರು. ಕಾಲುವೆಯ ಹಿಂದೆ ಮಣ್ಣಿನ ಗೋಡೆ ಕಟ್ಟಿ ಜಾಕ್ಸನ್ ಕಾಯುತ್ತಿದ್ದ. ಅವನ ಸಾಲಿನಲ್ಲಿ ಟೆನೆಸಿಯ ಬೇಟೆಗಾರರು, ನಗರದ ವ್ಯಾಪಾರಿಗಳು, ಚಾಕ್ಟಾ ಮೂಲನಿವಾಸಿಗಳು, ಸ್ವತಂತ್ರ ಕಪ್ಪು ಜನರ ಎರಡು ತುಕಡಿಗಳು, ಜೊತೆಗೆ ಜಾನ್ ಲಾಫೀಟ್‌ನ ಕಡಲ್ಗಳ್ಳರು. ಅರ್ಧ ಗಂಟೆಯಲ್ಲಿ ಕಾಳಗದ ಕತೆ ಮುಗಿಯಿತು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು 2,000. ಅವರ ಜನರಲ್ ಪ್ಯಾಕನ್‌ಹ್ಯಾಮ್ ಕೂಡ ಬಿದ್ದ. ಅಮೆರಿಕದ ಕಡೆ ಅವತ್ತು ಸತ್ತವರು 13. ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಯುರೋಪಿನಲ್ಲಿ ಎರಡು ವಾರ ಮೊದಲೇ, ಡಿಸೆಂಬರ್ 24ಕ್ಕೇ ಸಹಿ ಬಿದ್ದಿತ್ತು. ಹಡಗಿನಲ್ಲಿ ಸುದ್ದಿ ಬರುವುದು ತಡವಾಯಿತು ಅಷ್ಟೆ.

ಶತ್ರು ಹೋದ ಮೇಲೂ ಜಾಕ್ಸನ್ ಊರಿನಲ್ಲಿ ಸೈನಿಕ ಆಡಳಿತ ತೆಗೆಯಲಿಲ್ಲ. ಅದನ್ನು ಟೀಕಿಸಿ ಪತ್ರಿಕೆಯಲ್ಲಿ ಬರೆದ ಒಬ್ಬ ಶಾಸಕನನ್ನು ಬಂಧಿಸಿದ. ಅವನನ್ನು ಬಿಡಿ ಅಂದ ನ್ಯಾಯಾಧೀಶನನ್ನೂ ಬಂಧಿಸಿ ಊರ ಹೊರಗೆ ಕಳಿಸಿದ. ಶಾಂತಿಯ ಅಧಿಕೃತ ಸುದ್ದಿ ಬಂದ ಮೇಲೆ ಅದೇ ನ್ಯಾಯಾಧೀಶ ವಾಪಸ್ ಬಂದು 1,000 ಡಾಲರ್ ದಂಡ ಹಾಕಿದ. ಜಾಕ್ಸನ್ ಮಾತಾಡದೆ ಕಟ್ಟಿದ. ನ್ಯಾಯಾಲಯದ ಜೊತೆ ಅವನ ಸಂಬಂಧ ಎಂಥದ್ದು ಅನ್ನುವುದು ಇಲ್ಲೇ ಗೊತ್ತಾಗುತ್ತದೆ. ತನಗೆ ಅಗತ್ಯ ಅನ್ನಿಸಿದಾಗ ಕಾನೂನನ್ನು ಬದಿಗೆ ಸರಿಸುತ್ತಿದ್ದ, ಗದ್ದಲ ಅಡಗಿದ ಮೇಲೆ ಅದಕ್ಕೆ ಮರ್ಯಾದೆ ಕೊಡುತ್ತಿದ್ದ.

1818ರಲ್ಲಿ ಸ್ಪೇನ್ ಕೈಯಲ್ಲಿದ್ದ ಫ್ಲೋರಿಡಾಕ್ಕೆ ನುಗ್ಗಿದ. ಅಲ್ಲಿ ಇಬ್ಬರು ಬ್ರಿಟಿಷ್ ಪ್ರಜೆಗಳನ್ನು ಹಿಡಿದು ಮರಣದಂಡನೆ ಕೊಟ್ಟ. ಅಂತಾರಾಷ್ಟ್ರೀಯ ಗಲಾಟೆಯಾಯಿತು. ಮರುವರ್ಷ ಸ್ಪೇನ್ ಫ್ಲೋರಿಡಾವನ್ನು ಬಿಟ್ಟುಕೊಡಲು ಒಪ್ಪಿತು.

1824ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತ. ನಾಲ್ವರ ಪೈಕಿ ಎಲ್ಲರಿಗಿಂತ ಜಾಸ್ತಿ ಮತ ಅವನದೇ, 99 ಎಲೆಕ್ಟೊರಲ್ ಮತ (ರಾಜ್ಯಗಳ ಪರವಾಗಿ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳ ಮತ). ಆದರೆ ಬಹುಮತವಿರಲಿಲ್ಲ. ತೀರ್ಮಾನ ಕಾಂಗ್ರೆಸ್ಸಿನ ಕೆಳಮನೆಗೆ ಹೋಯಿತು. ಅಲ್ಲಿ ಆ ಮನೆಯ ಸ್ಪೀಕರ್ ಹೆನ್ರಿ ಕ್ಲೇ ಬೆಂಬಲದಿಂದ ಜಾನ್ ಕ್ವಿನ್ಸಿ ಆಡಮ್ಸ್ ಗೆದ್ದ. ಗೆದ್ದವನೇ ಕ್ಲೇಯನ್ನು ವಿದೇಶಾಂಗ ಸಚಿವನಾಗಿ ಮಾಡಿದ. ಜನ ಆರಿಸಿದವನನ್ನು ದೊಡ್ಡವರು ಸೇರಿಕೊಂಡು ಹೊರಗಿಟ್ಟರು ಅಂತ ಜಾಕ್ಸನ್ ನಾಲ್ಕು ವರ್ಷ ಊರೂರು ಸಾರಿಸಿದ. 1824ರಲ್ಲಿ ಮತ ಹಾಕಿದವರು ಮೂರೂವರೆ ಲಕ್ಷದ ಆಸುಪಾಸು. 1828ರಲ್ಲಿ 11 ಲಕ್ಷಕ್ಕೂ ಜಾಸ್ತಿ. ಆಸ್ತಿ ಇದ್ದವರಿಗೆ ಮಾತ್ರ ಮತ ಅನ್ನುವ ನಿಯಮವನ್ನು ಅಷ್ಟರಲ್ಲಿ ಬಹಳಷ್ಟು ರಾಜ್ಯಗಳು ತೆಗೆದುಹಾಕಿದ್ದವು. ಅದನ್ನು ಮಾಡಿದ್ದು ಜಾಕ್ಸನ್ ಅಲ್ಲ. ಆ ಹೊಸ ಮತದಾರರು, ಅಂದರೆ ಬಿಳಿಯ ಬಡ ಗಂಡಸರು, ತಮ್ಮವನು ಅಂತ ಆರಿಸಿಕೊಂಡದ್ದು ಮಾತ್ರ ಅವನನ್ನೇ. 178 ಎಲೆಕ್ಟೊರಲ್ ಮತ ಬಂದವು, ಆಡಮ್ಸ್‌ಗೆ 83.

ಆ ಚುನಾವಣೆಯಲ್ಲಿ ಎದುರಾಳಿಗಳು ರೇಚಲ್‌ಳ ಹಳೆಯ ಮದುವೆಯ ಕತೆಯನ್ನು ಪತ್ರಿಕೆಯಲ್ಲೆಲ್ಲ ಎಳೆದಾಡಿದರು. ಫಲಿತಾಂಶ ಬಂದ ಸ್ವಲ್ಪ ದಿನಕ್ಕೆ, 1828ರ ಡಿಸೆಂಬರ್ 22ರಂದು, ಅವಳು ಹೃದಯಾಘಾತದಿಂದ ತೀರಿಕೊಂಡಳು. ಪದಗ್ರಹಣಕ್ಕೆಂದು ಕೊಂಡಿದ್ದ ಬಿಳಿ ಉಡುಪಿನಲ್ಲೇ ಮಣ್ಣು ಮಾಡಿದರು. ಜಾಕ್ಸನ್ ಶ್ವೇತಭವನಕ್ಕೆ ಒಬ್ಬನೇ ಹೋದ. ಪದಗ್ರಹಣದ ದಿನ ಕೆಸರು ಬೂಟಿನ ಜನ ಶ್ವೇತಭವನಕ್ಕೆ ನುಗ್ಗಿ, ಕುರ್ಚಿಗಳ ಮೇಲೆ ಹತ್ತಿ ನಿಂತು, ಪಿಂಗಾಣಿ ಒಡೆದು, ಕೊನೆಗೆ ಪಾನೀಯದ ಬಾನಿಗಳನ್ನು ಹೊರಗೆ ಹುಲ್ಲಿನ ಮೇಲೆ ಇಟ್ಟ ಮೇಲೆಯೇ ಖಾಲಿ ಮಾಡಿದ್ದು. ನಮ್ಮ ಮನೆ ಅನ್ನುವ ಹಾಗೆ ಒಳಗೆ ಬಂದಿದ್ದರು. ಅಂಥ ದೃಶ್ಯವನ್ನು ಆ ನಗರ ಹಿಂದೆ ಕಂಡಿರಲಿಲ್ಲ.

ಬ್ಯಾಂಕಿನ ಜಗಳದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸರ್ಕಾರದ ಹಣವೆಲ್ಲ ಆಗ ಫಿಲಡೆಲ್ಫಿಯಾದ ಒಂದು ಬ್ಯಾಂಕಿನಲ್ಲಿ ಇರುತ್ತಿತ್ತು. ಲಾಭ ಖಾಸಗಿ ಷೇರುದಾರರಿಗೂ ಹೋಗುತ್ತಿತ್ತು. ಜಾಕ್ಸನ್‌ಗೆ ಕಾಗದದ ನೋಟು ಅಂದರೇ ಆಗದು, ಚಿನ್ನ ಬೆಳ್ಳಿಯೇ ನಿಜವಾದ ಹಣ. ಯೌವನದಲ್ಲಿ ಬೇರೆಯವರ ಪ್ರಾಮಿಸರಿ ನೋಟು ನಂಬಿ ಮುಳುಗುವ ಸ್ಥಿತಿಗೆ ಬಂದಿದ್ದ. 1832ರ ಜುಲೈನಲ್ಲಿ ಬ್ಯಾಂಕಿನ ಪರವಾನಗಿ ಮುಂದುವರಿಸುವ ಮಸೂದೆಗೆ ವೀಟೋ ಹಾಕಿದ. ಸಿರಿವಂತರೂ ಬಲಶಾಲಿಗಳೂ ಸರ್ಕಾರವನ್ನು ತಮ್ಮ ಸ್ವಾರ್ಥಕ್ಕೆ ಬಗ್ಗಿಸಿಕೊಳ್ಳುತ್ತಾರೆ ಅಂತ ಅದರಲ್ಲಿ ಬರೆದ. ಆ ಮಾತು ಈಗ ಓದಿದರೂ ಮೈ ಬಿಸಿಯಾಗುತ್ತದೆ. ಅದೇ ವರ್ಷ ಭಾರಿ ಗೆಲುವಿನಿಂದ ಮತ್ತೆ ಆರಿಸಿ ಬಂದ. 1835ರ ಜನವರಿಗೆ ದೇಶದ ಸಾಲವನ್ನು ಪೂರ್ತಿ ತೀರಿಸಿದ. ಅಮೆರಿಕದ ಇತಿಹಾಸದಲ್ಲಿ ಹಾಗಾಗಿದ್ದು ಅದೊಂದೇ ಸಲ. ಆದರೆ ದೊಡ್ಡ ಬ್ಯಾಂಕು ಹೋದ ಜಾಗಕ್ಕೆ ಹಿಡಿತವಿಲ್ಲದ ಸಣ್ಣ ಬ್ಯಾಂಕುಗಳು ಬಂದವು. ಆತ ಅಧಿಕಾರ ಬಿಟ್ಟ 1837ರಲ್ಲೇ ದೊಡ್ಡ ಆರ್ಥಿಕ ಕುಸಿತವಾಯಿತು. ಪೆಟ್ಟು ಬಿದ್ದದ್ದು ಅವನು ಪ್ರೀತಿಸಿದ ಬಡ ರೈತರಿಗೇ ಜಾಸ್ತಿ.

ಈಗ ನಿಮ್ಮ ಮೊಮ್ಮಗನ ಮಾತಿಗೆ ಬರುತ್ತೇನೆ.

ಸಿಕೋಯಾ ಹೆಸರು ಹೇಳಿದ್ದೆನಲ್ಲ. ಯುದ್ಧದಿಂದ ವಾಪಸ್ ಬಂದ ಆ ಮನುಷ್ಯನಿಗೆ ಇಂಗ್ಲಿಷ್ ಓದಲು ಬರೆಯಲು ಬರುತ್ತಿರಲಿಲ್ಲ. ಬಿಳಿಯರು ಕಾಗದದ ಮೇಲೆ ಮಾತಾಡುವುದನ್ನು ನೋಡಿ ತನ್ನ ಭಾಷೆಗೂ ಲಿಪಿ ಬೇಕು ಅಂತ ವರ್ಷಗಟ್ಟಲೆ ಕೂತು 1821ಕ್ಕೆ ಒಂದು ಲಿಪಿ ಮಾಡಿ ಮುಗಿಸಿದ. ಕನ್ನಡ ಓದುವ ನಮಗೆ ಅದು ಬೇಗ ಅರ್ಥವಾಗುತ್ತದೆ. ಕ, ಕಿ, ಕೊ ಅಂತ ವ್ಯಂಜನವೂ ಸ್ವರವೂ ಕೂಡಿ ಒಂದೇ ಅಕ್ಷರ. ನಮ್ಮ ಕಾಗುಣಿತದಲ್ಲಿ ಮೂಲ ಅಕ್ಷರಕ್ಕೆ ಗುಣಿತದ ಚಿಹ್ನೆ ಸೇರುತ್ತದೆ, ಅಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಕಾರ, ಅಷ್ಟೇ ವ್ಯತ್ಯಾಸ. 85 ಅಕ್ಷರ. ಕೆಲವೇ ವರ್ಷಗಳಲ್ಲಿ ಚೆರೋಕೀ ಮನೆಮನೆಗಳಲ್ಲಿ ಓದು ಬರಹ ಹರಡಿತು. 1828ರ ಫೆಬ್ರವರಿಯಲ್ಲಿ ಅವರ ರಾಜಧಾನಿ ನ್ಯೂ ಎಕೋಟಾದಿಂದ ಎರಡು ಭಾಷೆಯ ಪತ್ರಿಕೆ ಹೊರಬಂತು. ಅವರಿಗೆ ಲಿಖಿತ ಸಂವಿಧಾನವಿತ್ತು, ನ್ಯಾಯಾಲಯವಿತ್ತು, ಹೊಲ ಮನೆ ಇತ್ತು. ಇವರು "ಕಾಡು ಜನ", ನಾಗರಿಕತೆಗೆ ಒಗ್ಗುವವರಲ್ಲ ಅನ್ನುವ ವಾದಕ್ಕೆ ಅವರು ಬದುಕಿಯೇ ಉತ್ತರ ಕೊಟ್ಟಿದ್ದರು.

ಅವರ ನೆಲದಲ್ಲಿ, ಜಾರ್ಜಿಯಾ ರಾಜ್ಯದೊಳಗೆ, ಅದೇ ಹೊತ್ತಿಗೆ ಚಿನ್ನ ಸಿಕ್ಕಿತು. ಹತ್ತಿ ಬೆಳೆಯಲು ಹೊಲ ಬೇಕು ಅಂತ ಬಿಳಿಯರು ಮೊದಲೇ ಕಣ್ಣು ಹಾಕಿದ್ದರು. 1830ರ ಮೇ 28ರಂದು ಜಾಕ್ಸನ್ ಒಂದು ಕಾಯ್ದೆಗೆ ಸಹಿ ಹಾಕಿದ. ಕನ್ನಡದಲ್ಲಿ ಅದಕ್ಕೆ ಸರಿಯಾದ ಒಂದೇ ಮಾತಿದೆ: ಒಕ್ಕಲೆಬ್ಬಿಸುವ ಕಾಯ್ದೆ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿದ್ದ ಮೂಲನಿವಾಸಿಗಳ ನೆಲಕ್ಕೆ ಬದಲು ಪಶ್ಚಿಮದಲ್ಲಿ ಜಾಗ ಕೊಡುವುದು. ಕಾಗದದ ಮೇಲೆ ಅದು ಒಪ್ಪಿ ಹೋಗುವವರಿಗೆ ಮಾತ್ರ. ಇದು ಅವರ ಒಳ್ಳೆಯದಕ್ಕೇ, ಇಲ್ಲೇ ಇದ್ದರೆ ನಾಶವಾಗುತ್ತಾರೆ ಅಂತ ಜಾಕ್ಸನ್ ಹೇಳಿದ. ಅವನು ಅದನ್ನು ನಂಬಿದ್ದ ಅಂತಲೇ ನನಗನ್ನಿಸುತ್ತದೆ. ಆದರೆ ನಾಶ ಮಾಡುತ್ತಿದ್ದವರನ್ನು ತಡೆಯುವ ಅಧಿಕಾರ ಇದ್ದದ್ದು ಅವನ ಕೈಯಲ್ಲೇ, ಅಲ್ವಾ?

"ಆ ಕಾಲದಲ್ಲಿ ಎಲ್ಲರೂ ಹಾಗೇ ಯೋಚಿಸುತ್ತಿದ್ದರು" ಅಂತ ಯಾರಾದರೂ ಹೇಳಿದರೆ ಈ ಅಂಕಿ ತೋರಿಸಿ: ಕೆಳಮನೆಯಲ್ಲಿ ಪರವಾಗಿ 102, ವಿರುದ್ಧ 97. ಬರೀ ಐದು ಮತದ ಅಂತರ. ಟೆನೆಸಿಯ ಡೇವಿ ಕ್ರಾಕೆಟ್ ಕ್ರೀಕ್ ಯುದ್ಧದಲ್ಲಿ ಜಾಕ್ಸನ್ ಕೈಕೆಳಗೆ ಇದ್ದವನು. ಅವನೇ ವಿರುದ್ಧ ಮತ ಹಾಕಿದ. ಮುಂದಿನ ಚುನಾವಣೆಯಲ್ಲಿ ಸೋತ.

ಮೊದಲು ಹೊರಟವರು ಚಾಕ್ಟಾ ಜನ, 1831ರ ಚಳಿಗಾಲದಲ್ಲಿ. ನ್ಯೂ ಆರ್ಲಿಯನ್ಸ್‌ನಲ್ಲಿ ಜಾಕ್ಸನ್ ಪಕ್ಕ ನಿಂತಿದ್ದವರು ಇವರ ಕುಲದವರೇ. ಫ್ರಾನ್ಸಿನ ಯುವಕ ಅಲೆಕ್ಸಿ ದ ತೋಕ್ವಿಲ್ ಆಗ ಅಮೆರಿಕ ನೋಡಲು ಬಂದಿದ್ದ. ಮೆಂಫಿಸ್‌ನಲ್ಲಿ ಅವರು ನದಿ ದಾಟುವುದನ್ನು ಕಣ್ಣಾರೆ ಕಂಡ. ನೀರಿನಲ್ಲಿ ಮಂಜುಗಡ್ಡೆ ತೇಲುತ್ತಿತ್ತು. ರೋಗಿಗಳು, ಹಸುಗೂಸುಗಳು, ಸಾಯಲು ಹತ್ತಿರವಾದ ಮುದುಕರು. ಯಾರೂ ಅಳಲಿಲ್ಲ, ದೂರಲಿಲ್ಲ. ಎಲ್ಲರೂ ದೋಣಿ ಹತ್ತಿದರು. ನಾಯಿಗಳು ದಡದಲ್ಲೇ ಉಳಿದವು. ತಮ್ಮನ್ನು ಬಿಟ್ಟು ಹೋಗುತ್ತಿದ್ದಾರೆ ಅಂತ ತಿಳಿದಾಗ ಅವು ಒಟ್ಟಿಗೆ ಊಳಿಟ್ಟು, ಕೊರೆಯುವ ನೀರಿಗೆ ಹಾರಿ ದೋಣಿಯ ಹಿಂದೆ ಈಜಿದವು.

ಚೆರೋಕೀಗಳು ಬಂದೂಕು ಹಿಡಿಯಲಿಲ್ಲ, ಕೋರ್ಟಿಗೆ ಹೋದರು. ಇಲ್ಲಿ ನಿಮ್ಮ ಎರಡನೇ ಪ್ರಶ್ನೆ ಬರುತ್ತದೆ. ಅವರ ನೆಲದಲ್ಲಿ ಜಾರ್ಜಿಯಾದ ಅನುಮತಿ ಪಡೆಯದೆ ಇದ್ದ ಅಂತ ಸ್ಯಾಮ್ಯುಯೆಲ್ ವೂಸ್ಟರ್ ಅನ್ನುವ ಪಾದ್ರಿಯನ್ನು ಆ ರಾಜ್ಯ ಜೈಲಿಗೆ ಹಾಕಿತ್ತು. 1832ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್, ಚೆರೋಕೀ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಅಂತ ತೀರ್ಪು ಕೊಟ್ಟರು. "ತೀರ್ಪು ಕೊಟ್ಟಿದ್ದು ಮಾರ್ಷಲ್, ಈಗ ಜಾರಿಯನ್ನೂ ಅವರೇ ಮಾಡಲಿ" ಅಂತ ಜಾಕ್ಸನ್ ಅಂದ ಅನ್ನುವುದು ಎಲ್ಲೆಡೆ ಓಡಾಡುವ ಮಾತು. ಅವನು ಹಾಗೆ ಅಂದದ್ದಕ್ಕೆ ಆ ಕಾಲದ ಪುರಾವೆ ಇಲ್ಲ. ಮೂವತ್ತು ವರ್ಷ ಕಳೆದ ಮೇಲೆ ಪತ್ರಕರ್ತ ಹೊರೇಸ್ ಗ್ರೀಲಿ ಬರೆದ ಮೇಲೆಯೇ ಅದು ಹರಡಿದ್ದು. ಕಾನೂನಿನ ಪ್ರಕಾರ ನೋಡಿದರೆ, ಆ ಹೊತ್ತಿಗೆ ಅಧ್ಯಕ್ಷ ಇಂಥದ್ದು ಮಾಡಬೇಕು ಅಂತ ಕೋರ್ಟು ಅವನಿಗೆ ಆದೇಶ ಕೊಟ್ಟಿರಲೂ ಇಲ್ಲ. ಆದರೆ ಜಾಕ್ಸನ್ ತನ್ನ ಗೆಳೆಯ ಜಾನ್ ಕಾಫಿಗೆ ಬರೆದ ಕಾಗದ ಇದೆ. ಸುಪ್ರೀಂ ಕೋರ್ಟಿನ ತೀರ್ಪು ಹುಟ್ಟುತ್ತಲೇ ಸತ್ತಿದೆ, ಜಾರ್ಜಿಯಾವನ್ನು ಬಗ್ಗಿಸಲು ಅದರಿಂದ ಆಗದು ಅಂತ ಅದರಲ್ಲಿದೆ. ಅಂದರೆ ಮಾತು ಕಟ್ಟಿದ್ದು, ಮನಸ್ಸು ಮಾತ್ರ ಅದೇ.

ಅದೇ ವರ್ಷದ ಕೊನೆಯಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ, ಕೇಂದ್ರದ ಆಮದು ಸುಂಕದ ಕಾನೂನು ನಮ್ಮಲ್ಲಿ ನಡೆಯುವುದಿಲ್ಲ ಅಂತ ಘೋಷಿಸಿತು. ಜಾಕ್ಸನ್ ಸಿಡಿದೆದ್ದ. ಡಿಸೆಂಬರ್ 10ರಂದು ಪ್ರಕಟಣೆ ಹೊರಡಿಸಿ, ಇದು ದೇಶದ್ರೋಹ, ಬೇಕಾದರೆ ಸೈನ್ಯ ಕಳಿಸುತ್ತೇನೆ ಅಂದ. ರಾಜ್ಯ ಹಿಂದೆ ಸರಿಯಿತು. ಒಕ್ಕೂಟ ಒಡೆಯದಂತೆ ಉಳಿಸಿದ್ದಕ್ಕೆ ಅವನನ್ನು ಹೊಗಳುತ್ತಾರೆ, ಹೊಗಳಲೇಬೇಕಾದ ಕೆಲಸ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದು ರಾಜ್ಯ ಸುಂಕ ಕಟ್ಟಲ್ಲ ಅಂದರೆ ಸೈನ್ಯ. ಇನ್ನೊಂದು ರಾಜ್ಯ ಸುಪ್ರೀಂ ಕೋರ್ಟಿನ ಮಾತು ಕೇಳಲ್ಲ ಅಂದರೆ ಮೌನ. ಜಾಕ್ಸನ್ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ಇದೇ. ಅವನಿಗೆ ಶಕ್ತಿ ಇರಲಿಲ್ಲ ಅನ್ನುವ ಹಾಗಿಲ್ಲ. ಒಂಬತ್ತು ತಿಂಗಳ ಅಂತರದಲ್ಲಿ ಆ ಶಕ್ತಿಯನ್ನು ಅವನೇ ತೋರಿಸಿದ್ದ.

ಮುಂದಿನದ್ದು ಬೇಗ ಬೇಗ ನಡೆಯಿತು. 1835ರ ಡಿಸೆಂಬರ್‌ನಲ್ಲಿ ರಿಡ್ಜ್ ಮತ್ತು ಅವನ ಜೊತೆಗಿನ ಸಣ್ಣ ಗುಂಪು, ಹೇಗೂ ನೆಲ ಉಳಿಯಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿತು. ಆ ಗುಂಪಿಗೆ ಕುಲದ ಪರವಾಗಿ ಸಹಿ ಮಾಡುವ ಅಧಿಕಾರವೇ ಇರಲಿಲ್ಲ. ಮುಖ್ಯಸ್ಥ ಜಾನ್ ರಾಸ್ 15,000ಕ್ಕೂ ಹೆಚ್ಚು ಹೆಸರುಗಳ ಮನವಿ ಸಲ್ಲಿಸಿದ. ಸೆನೆಟ್ ಒಂದೇ ಒಂದು ಮತದ ಅಂತರದಲ್ಲಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿತು. 1838ರಲ್ಲಿ, ಜಾಕ್ಸನ್ ನಿವೃತ್ತನಾಗಿ ಅವನ ಶಿಷ್ಯ ವ್ಯಾನ್ ಬ್ಯೂರೆನ್ ಅಧ್ಯಕ್ಷನಾಗಿದ್ದಾಗ, ಸೈನಿಕರು ಬಂದು ಮನೆಮನೆಯಿಂದ ಹೊರಡಿಸಿದರು. ಸುಮಾರು 16,000 ಜನ. ಮೊದಲು ಬೇಲಿ ಹಾಕಿದ ಶಿಬಿರಗಳು, ಆಮೇಲೆ ಚಳಿಗಾಲದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಶಿಬಿರದಲ್ಲೂ ದಾರಿಯಲ್ಲೂ ಸತ್ತವರು ಸುಮಾರು 4,000 ಅಂತ ಅಂದಾಜು. ಜಾನ್ ರಾಸ್‌ನ ಹೆಂಡತಿಯೂ ದಾರಿಯಲ್ಲೇ ತೀರಿಕೊಂಡಳು. ಇದನ್ನೇ "ಕಣ್ಣೀರಿನ ಹಾದಿ" ಅನ್ನುವುದು. ನೆಲ ಮಾರಿದ ಅಂತ ರಿಡ್ಜ್‌ನನ್ನು 1839ರಲ್ಲಿ ಅವನ ಜನರೇ ಕೊಂದರು. ಕುದುರೆ ಲಾಳದ ಕಾಳಗದಲ್ಲಿ ಜಾಕ್ಸನ್ ಪಕ್ಕ ನಿಂತಿದ್ದವರ ಕತೆ ಹೀಗೆ ಮುಗಿಯಿತು.

ಇನ್ನು ನೋಟಿನ ವಿಷಯ. ಜಾಕ್ಸನ್ ಬೇರೆ ನೋಟುಗಳ ಮೇಲೆ ಮೊದಲೇ ಇದ್ದ, 1914ರ 10 ಡಾಲರ್ ನೋಟಿನ ಮೇಲೂ ಇದ್ದ. 1928ರಲ್ಲಿ ನೋಟುಗಳ ಅಳತೆ ಚಿಕ್ಕದು ಮಾಡಿದಾಗ 20 ಡಾಲರ್‌ಗೆ ಬಂದ. ಜನರಿಗೆ ಗುರುತು ಸಿಗುವ ಮುಖ ಬೇಕು, ಅದಕ್ಕೆ ಅಧ್ಯಕ್ಷರೇ ಸರಿ ಅಂತ ಖಜಾನೆ ಇಲಾಖೆ ಆಗ ತೀರ್ಮಾನಿಸಿತ್ತು. ಆ ದಿನಗಳಲ್ಲಿ ಶಾಲೆಯ ಪಾಠಗಳಲ್ಲಿ ಅವನು ನ್ಯೂ ಆರ್ಲಿಯನ್ಸ್‌ನ ವೀರ, ಸಾಮಾನ್ಯರ ಅಧ್ಯಕ್ಷ. ಕಣ್ಣೀರಿನ ಹಾದಿ ಪಾಠದ ಮಧ್ಯಕ್ಕೆ ಬಂದಿರಲಿಲ್ಲ. ಕಾಗದದ ಹಣವನ್ನು ಜೀವನವಿಡೀ ದ್ವೇಷಿಸಿದವನಿಗೆ ಇದು ಖುಷಿ ಕೊಡುತ್ತಿರಲಿಲ್ಲ ಅನ್ನುವುದಂತೂ ಖಂಡಿತ. 2016ರಲ್ಲಿ, ಅವನ ಜಾಗಕ್ಕೆ ಹ್ಯಾರಿಯೆಟ್ ಟಬ್‌ಮನ್ ಚಿತ್ರ ಬರುತ್ತದೆ ಅಂತ ಸರ್ಕಾರ ಘೋಷಿಸಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ವಾಪಸ್ ಹೋಗಿ ಹತ್ತಾರು ಜನರನ್ನು ಬಿಡಿಸಿ ತಂದ ಹೆಣ್ಣುಮಗಳು ಆಕೆ. ಆ ನೋಟು ಇನ್ನೂ ಚಲಾವಣೆಗೆ ಬಂದಿಲ್ಲ.

ಮುಂದಿನ ಸಲ ಹೋದಾಗ ಅನುಕೂಲವಾದರೆ ನ್ಯಾಶ್‌ವಿಲ್‌ಗೆ ಹೋಗಿ, ಮೊಮ್ಮಗನನ್ನೂ ಕರೆದುಕೊಂಡು ಹೋಗಿ. ಹರ್ಮಿಟೇಜ್ ಈಗ ಮ್ಯೂಸಿಯಂ. ತೋಟದ ಮೂಲೆಯಲ್ಲಿ ಕಂಬಗಳ ಮೇಲೆ ಗುಮ್ಮಟವಿರುವ ಸಮಾಧಿ ಇದೆ. 1845ರ ಜೂನ್ 8ರಂದು ತೀರಿಕೊಂಡ ಜಾಕ್ಸನ್, ರೇಚಲ್ ಪಕ್ಕದಲ್ಲಿ ಅಲ್ಲೇ ಮಲಗಿದ್ದಾನೆ. ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ಇನ್ನೊಂದು ಕಲ್ಲಿದೆ, ಆಲ್ಫ್ರೆಡ್ ಜಾಕ್ಸನ್‌ನದು. ಆತ ಆ ಜಮೀನಿನಲ್ಲೇ ಗುಲಾಮನಾಗಿ ಹುಟ್ಟಿದವನು, ಗುಲಾಮಗಿರಿ ಹೋದ ಮೇಲೂ ಅಲ್ಲೇ ಉಳಿದು 1901ರಲ್ಲಿ ತೀರಿಕೊಂಡವನು. ಒಡೆಯ ಸತ್ತ ಕೆಲವೇ ವರ್ಷಗಳಲ್ಲಿ, ಆ ಮನೆಯ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಒಬ್ಬ ಬಿಳಿಯ ಯುವಕ ಆಲ್ಫ್ರೆಡ್ ಜೊತೆ ಮಾತಿಗೆ ಕೂತ. ನಿಮಗೆ ಇಲ್ಲಿ ಏನು ಕಡಿಮೆ, ಒಡೆಯರು ಒಳ್ಳೆಯವರಲ್ಲವೇ, ಸ್ವತಂತ್ರರಿಗೂ ಕಷ್ಟವಿರುತ್ತದೆ ಅಂತ ಸಮಾಧಾನ ಹೇಳಿದ. ಆಲ್ಫ್ರೆಡ್ ವಾದ ಮಾಡಲಿಲ್ಲ. ನೀವು ಗುಲಾಮನಾಗಿರಲು ಇಷ್ಟಪಡುತ್ತೀರಾ ಅಂತ ಒಂದೇ ಮಾತು ಕೇಳಿದ. ತನ್ನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ ಅಂತ ಆ ಯುವಕ ಮುಂದೆ ತನ್ನ ನೆನಪುಗಳಲ್ಲಿ ಬರೆದುಕೊಂಡ.